ಆಧಾರ ಎಲ್ಲಿದೆ?

ಆಚಾರವೊಂದನ್ನು ಕಂಡೊಡನೆ "ಇದಕ್ಕೆ ಶಾಸ್ತ್ರಾಧಾರ ಎಲ್ಲಿದೆ?" ಎಂದು ಕೇಳುವುದು ನಮ್ಮ ಹಾಸನ ಸೀಮೆಗೆ ಹೊಸದಲ್ಲ. ವೇದಪಾಠವೂ ಸಂಗೀತವೂ ಜೊತೆಯಾಗಿ ಬೆಳೆದ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ ಆ ಪ್ರಶ್ನೆ ಎದ್ದಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಅದಕ್ಕೆ ಬೇರೆಯದೇ ರೂಪ: ಮೂಲ ಆಗಮಗಳು ಪೂರ್ಣವಾಗಿ ಉಳಿದುಬಂದಿಲ್ಲವೆಂದು ದಿಗಂಬರರೇ ಹೇಳುತ್ತಾರೆ, ಆದರೂ ಅಭಿಷೇಕ ನಿಂತಿಲ್ಲ. ಹೊಳೆನರಸೀಪುರದಲ್ಲಂತೂ ಈ ಒಂದು ಪ್ರಶ್ನೆಗಾಗಿಯೇ ಜೀವಮಾನವನ್ನು ತೇದ ಸನ್ಯಾಸಿಯೊಬ್ಬರಿದ್ದರು. ಅವರ ಮಾತಿಗೆ ಆಮೇಲೆ ಬರುತ್ತೇನೆ.

ನಾನು ಇಂದು ಹೇಳಹೊರಟಿರುವುದು ನಮ್ಮ ನೆರೆಯ ಕಥೋಲಿಕ ಕ್ರೈಸ್ತರ ವಿಷಯ. ಅವರನ್ನು ಈ ಪ್ರಶ್ನೆ ಕೇಳುವವರು ಹಿಂದೂಗಳಲ್ಲ, ಅವರದೇ ಧರ್ಮದ ಇನ್ನೊಂದು ಶಾಖೆಯವರು. ಸತ್ತವರಿಗಾಗಿ ಪ್ರಾರ್ಥನೆ, ಮರಿಯಮ್ಮನವರ ಜಪಮಾಲೆ, ಸಂತರ ಪ್ರತಿಮೆ, ತೇರು, ಗುರುವಿನೆದುರು ಪಾಪನಿವೇದನೆ, ಇವೆಲ್ಲ ಬೈಬಲಿನಲ್ಲಿ ಎಲ್ಲಿವೆ ಎಂದು ಪ್ರಾಟೆಸ್ಟೆಂಟರು ಐದು ಶತಮಾನಗಳಿಂದ ಕೇಳುತ್ತಿದ್ದಾರೆ. ನಾನು ಎರಡು ಪಕ್ಷಕ್ಕೂ ಸೇರಿದವನಲ್ಲ. ಗ್ರಂಥ ಮತ್ತು ಆಚಾರಗಳ ವ್ಯಾಜ್ಯ ಎಲ್ಲಿ ನಡೆದರೂ ಕಿವಿಗೊಡುವ ಚಪಲವೊಂದು ನನಗಿದೆ, ಅಷ್ಟೆ.

ಕೆಲವು ವರ್ಷಗಳ ಹಿಂದೆ ಹಾಸನದಲ್ಲಿ ನವೆಂಬರ್ 2ರ ಸಂಜೆ ಮಿತ್ರರೊಬ್ಬರ ಜೊತೆ ಕ್ರೈಸ್ತರ ಸಮಾಧಿಭೂಮಿಗೆ ಹೋಗಿದ್ದೆ. ಅದು ಕಥೋಲಿಕರು ಅಗಲಿದವರನ್ನು ನೆನೆಯುವ ದಿನ. ಗೋರಿಗಳಿಗೆ ಸುಣ್ಣ ಬಳಿದು, ಸೇವಂತಿಗೆ ಇಟ್ಟು, ಮೇಣದ ಬತ್ತಿ ಹಚ್ಚಿದ್ದರು. ವಯಸ್ಸಾದ ಹೆಂಗಸೊಬ್ಬರು ಗಂಡನ ಗೋರಿಯ ಮುಂದೆ ಮಂಡಿಯೂರಿ ಜಪ ಮಾಡುತ್ತಿದ್ದರು. ಅವರ ನಾದಿನಿ ಪ್ರಾಟೆಸ್ಟೆಂಟ್ ಮನೆಗೆ ಸೊಸೆಯಾಗಿ ಹೋದವರು. ಬತ್ತಿ ಹಚ್ಚದೆ ಪಕ್ಕದಲ್ಲಿ ನಿಂತಿದ್ದ ಅವರು ಮೆಲ್ಲಗೆ, "ಅತ್ತಿಗೆ, ಹೋದೋರಿಗೆ ಪ್ರಾರ್ಥನೆ ಮಾಡಿ ಅಂತ ಸತ್ಯವೇದದಲ್ಲಿ ಎಲ್ಲಿ ಬರ್ದೈತೆ?" ಎಂದರು. ಮುದುಕಿ ತಲೆಯೆತ್ತದೆ, "ನಿಮ್ ಪುಸ್ತಕದಾಗೆ ಇಲ್ಲ ಕಣಮ್ಮ, ನಮ್ದರಾಗೆ ಐತೆ. ನಿಮ್ಮಣ್ಣಂಗೆ ತಾನೆ, ನೀನೂ ಒಂದು ಹಚ್ಚು" ಎಂದರು.

ಆ ಮುದುಕಿಯ ಉತ್ತರ ಹಾರಿಕೆಯದಲ್ಲ, ಅಕ್ಷರಶಃ ನಿಜ. ಎರಡನೆಯ ಮಕ್ಕಬಿಯರ ಗ್ರಂಥದ 12ನೆಯ ಅಧ್ಯಾಯದಲ್ಲಿ ಯೂದ ಮಕ್ಕಬಿ ಎಂಬ ಸೇನಾನಿ, ಯುದ್ಧದಲ್ಲಿ ಮಡಿದ ತನ್ನ ಸೈನಿಕರ ಪಾಪಪರಿಹಾರಕ್ಕಾಗಿ ಬಲಿಯರ್ಪಿಸಲು ಸುಮಾರು 2,000 ಬೆಳ್ಳಿಯ ನಾಣ್ಯಗಳನ್ನು ಕೂಡಿಸಿ ಜೆರೂಸಲೇಮಿಗೆ ಕಳುಹಿಸುತ್ತಾನೆ. ಆ ಗ್ರಂಥ ಕಥೋಲಿಕರ ಬೈಬಲಿನಲ್ಲಿದೆ, ಪ್ರಾಟೆಸ್ಟೆಂಟರದರಲ್ಲಿಲ್ಲ. ಅದು ಮತ್ತು ಅದರಂಥ ಇನ್ನು ಕೆಲವು ಗ್ರಂಥಗಳು ಯೆಹೂದ್ಯರ ಹೀಬ್ರೂ ಸಂಹಿತೆಗೆ ಸೇರಿರಲಿಲ್ಲ, ಗ್ರೀಕ್ ಬೈಬಲಿನಲ್ಲಿದ್ದವು. ಉತ್ತರ ಆಫ್ರಿಕದಲ್ಲಿ 393ರಲ್ಲಿ ಹಿಪ್ಪೋದಲ್ಲಿಯೂ 397ರಲ್ಲಿ ಕಾರ್ಥೇಜಿನಲ್ಲಿಯೂ ಕೂಡಿದ ಧರ್ಮಸಭೆಗಳು ಅವನ್ನು ಎಣಿಕೆಗೆ ಸೇರಿಸಿದವು. ಲೂಥರ್ 1534ರ ತನ್ನ ಜರ್ಮನ್ ಬೈಬಲಿನಲ್ಲಿ ಅವನ್ನು ಬೇರೆ ತೆಗೆದು, ಓದಲು ಯೋಗ್ಯ, ಆದರೆ ಶಾಸ್ತ್ರಕ್ಕೆ ಸಮವಲ್ಲ ಎಂದು ಒಂದು ಕಡೆ ಇರಿಸಿದನು. ಟ್ರೆಂಟಿನ ಧರ್ಮಸಭೆ 1546ರಲ್ಲಿ ಅವೂ ಶಾಸ್ತ್ರವೇ ಎಂದು ಘೋಷಿಸಿತು.

ಇಲ್ಲಿ ಒಂದು ತೊಡಕಿದೆ. ಎಲ್ಲಕ್ಕೂ ಶಾಸ್ತ್ರವಾಕ್ಯ ಬೇಕು ಎನ್ನುವವರು, ಯಾವ ಯಾವ ಪುಸ್ತಕಗಳು ಶಾಸ್ತ್ರ ಎಂಬುದಕ್ಕೆ ಶಾಸ್ತ್ರವಾಕ್ಯ ತೋರಿಸಬಲ್ಲರೆ? ಬೈಬಲಿನ ಒಳಗೆ ಬೈಬಲಿನ ಪರಿವಿಡಿಯಿಲ್ಲ. ಅದನ್ನು ಕಟ್ಟಿದವರು ಜನ, ಅಂದರೆ ಪರಂಪರೆ. ಕಥೋಲಿಕರ ಅತ್ಯಂತ ಬಲವಾದ ವಾದ ಇದೇ ಎಂದು ನನ್ನ ಎಣಿಕೆ. ಆದರೆ ಈ ವಾದಕ್ಕೆ ಒಂದು ಮಿತಿಯುಂಟು. ಪರಿವಿಡಿಯನ್ನು ಮಾಡಿದ್ದು ಪರಂಪರೆ ಎಂದೊಡನೆ ಪರಂಪರೆ ಮಾಡಿದ್ದೆಲ್ಲ ಸರಿ ಎಂದಾಗುವುದಿಲ್ಲ. ಹಾಗಾದರೆ ಆಯ್ಕೆ ಹೇಗೆ?

ನಮ್ಮ ಮೀಮಾಂಸಕರು ಈ ಪ್ರಶ್ನೆಯನ್ನು ಎರಡು ಸಾವಿರ ವರ್ಷಗಳ ಹಿಂದೆಯೇ ಕೈಗೆತ್ತಿಕೊಂಡಿದ್ದರು. ಜೈಮಿನಿಯ ಸೂತ್ರಗಳ ಮೊದಲ ಅಧ್ಯಾಯದ ಮೂರನೆಯ ಪಾದ ಇದೇ ವಿಚಾರಕ್ಕೆ ಮೀಸಲು. ಶಿಷ್ಟರು ನಡೆಸಿಕೊಂಡು ಬಂದ ಆಚಾರಕ್ಕೆ ವೇದವಾಕ್ಯ ಕಾಣದಿದ್ದರೆ, ಈಗ ನಮಗೆ ಸಿಕ್ಕದ ಒಂದು ಶ್ರುತಿ ಇದ್ದಿರಬೇಕೆಂದು ಊಹಿಸಬಹುದು. ಆದರೆ ಕಾಣುವ ಶ್ರುತಿಗೆ ಅದು ವಿರುದ್ಧವಾದರೆ ಆ ಊಹೆಗೆ ಎಡೆಯಿಲ್ಲ. ಆಚಾರದ ಹಿಂದೆ ಲೋಭ ಕಣ್ಣಿಗೆ ಕಾಣುವಂತಿದ್ದರೂ ಎಡೆಯಿಲ್ಲ. ಇದಕ್ಕೆ ಭಾಷ್ಯಕಾರ ಶಬರನು ಕೊಡುವ ನಿದರ್ಶನ ಸೊಗಸಾಗಿದೆ: ಹೋಮದ ಬಟ್ಟೆ ಅಧ್ವರ್ಯುವಿಗೆ ಸೇರತಕ್ಕದ್ದು ಎಂದು ಒಂದು ಸ್ಮೃತಿ. ಬಟ್ಟೆಯ ಆಸೆಯಿಂದ ಹುಟ್ಟಿದ ವಿಧಿಯಂತೆ ತೋರುವಾಗ ಅದಕ್ಕೊಂದು ವೇದವನ್ನು ಕಲ್ಪಿಸುವುದೇತಕ್ಕೆ ಎಂದು ಆತ ಕೇಳುತ್ತಾನೆ. ಪುರೋಹಿತರ ಶಾಸ್ತ್ರವೇ ಪುರೋಹಿತರನ್ನು ಹೀಗೆ ತಡೆದು ನಿಲ್ಲಿಸಿತ್ತೆಂಬುದನ್ನು ನಾವು ಮರೆತಿದ್ದೇವೆ.

ಈ ಒರೆಗಲ್ಲನ್ನು ಕಥೋಲಿಕರ ಆಚಾರಗಳಿಗೆ ಹಚ್ಚಿ ನೋಡಬಹುದು. ಗೋರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಗೆಯಲ್ಲಿ ಎದ್ದು ನಿಲ್ಲುವ ಶೆಟ್ಟಿಹಳ್ಳಿಯ ಪಾಳು ಚರ್ಚನ್ನು ನೀವು ನೋಡಿರಬಹುದು. 19ನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಹೇಮಾವತಿಯ ದಡದಲ್ಲಿ ಕಟ್ಟಿಸಿದ ಅದು ಜಪಮಾಲೆ ಮಾತೆಯ ಗುಡಿ. ಮಣಿ ಎಣಿಸುತ್ತ ಹೇಳುವ ಆ ಜಪದ ಪೂರ್ವಾರ್ಧ ಲೂಕನ ಸುವಾರ್ತೆಯ ಮೊದಲ ಅಧ್ಯಾಯದಿಂದಲೇ ಬಂದದ್ದು, ದೇವದೂತನೂ ಎಲಿಜಬೇತಳೂ ಮರಿಯಳನ್ನು ವಂದಿಸಿದ ಮಾತು. ಉತ್ತರಾರ್ಧದ ಬೇಡಿಕೆ ಸಭೆಯದು. ಅದು ಈಗಿನ ರೂಪದಲ್ಲಿ ಅಧಿಕೃತ ಪ್ರಾರ್ಥನಾಗ್ರಂಥವನ್ನು ಸೇರಿದ್ದು 1568ರಲ್ಲಿ. ಬೀಜ ಗ್ರಂಥದ್ದು, ಬೆಳೆ ಜನರದು. ಇದರಲ್ಲಿ ವಿರೋಧವೂ ಕಾಣದು, ಲೋಭವೂ ಕಾಣದು.

ಮರಿಯಮ್ಮನವರು ಸಶರೀರವಾಗಿ ಸ್ವರ್ಗಕ್ಕೆ ಏರಿದರೆಂಬ ನಂಬಿಕೆಯ ವಿಷಯ ಬೇರೆ. ಆಗಸ್ಟ್ 15ರಂದು ಅದರ ಹಬ್ಬ. ಅದಕ್ಕೆ ನೇರವಾದ ವಾಕ್ಯ ಬೈಬಲಿನಲ್ಲಿಲ್ಲ. ಹಬ್ಬ ಬಹಳ ಹಳೆಯದು, ಆದರೆ ಎಲ್ಲರೂ ನಂಬಲೇಬೇಕಾದ ತತ್ತ್ವವೆಂದು ಹನ್ನೆರಡನೆಯ ಪಿಯೂಸ್ ಪೋಪರು ಸಾರಿದ್ದು 1950ರ ನವೆಂಬರ್ 1ರಂದು. ಇದಕ್ಕಾಗಿ ಎಲ್ಲೆಲ್ಲಿಂದಲೋ ವಾಕ್ಯಗಳನ್ನು ಎಳೆದು ತರುವವರಿಗಿಂತ, ವಾಕ್ಯವಿಲ್ಲ, ಪರಂಪರೆಯಿದೆ ಎಂದು ಒಪ್ಪಿಕೊಳ್ಳುವ ಕಥೋಲಿಕನ ಮಾತು ನನಗೆ ಹೆಚ್ಚು ಹಿಡಿಸುತ್ತದೆ. ಭಕ್ತಿಗೆ ಬಿಟ್ಟಿದ್ದನ್ನು ಕಡ್ಡಾಯ ಮಾಡಬಹುದೆ ಎಂಬ ಪ್ರಾಟೆಸ್ಟೆಂಟರ ಆಕ್ಷೇಪಣೆಯಲ್ಲಿಯೂ ಹುರುಳಿದೆ.

ಪಾಪನಿವೇದನೆಗೂ ಪರಮಪ್ರಸಾದಕ್ಕೂ ಯೊವಾನ್ನನ ಸುವಾರ್ತೆಯಲ್ಲಿ ಗಟ್ಟಿಯಾದ ನೆಲೆಗಳಿವೆ. ಅಲ್ಲಿನ ಜಗಳ ವಾಕ್ಯ ಇದೆಯೇ ಎಂಬುದಲ್ಲ, ಅದರ ಅರ್ಥವೇನು ಎಂಬುದು. ಆ ಗೊಂಡಾರಣ್ಯವನ್ನು ಇಂದು ಹೊಗುವುದಿಲ್ಲ.

ಪ್ರತಿಮೆಗಳ ವಿಚಾರದಲ್ಲಿ ಬೈಬಲೇ ಎರಡು ಮಾತಾಡುತ್ತದೆ. ಕೆತ್ತಿದ ರೂಪಕ್ಕೆ ಅಡ್ಡಬೀಳಬಾರದೆಂದು ವಿಮೋಚನಕಾಂಡದ 20ನೆಯ ಅಧ್ಯಾಯ ವಿಧಿಸಿದರೆ, ಐದೇ ಅಧ್ಯಾಯ ಕಳೆದು ದೇವರ ಪೆಟ್ಟಿಗೆಯ ಮೇಲೆ ಬಂಗಾರದ ಎರಡು ದೇವದೂತರೂಪಗಳನ್ನು ಮಾಡಿಸುವ ಅಪ್ಪಣೆಯಿದೆ. ಇನ್ನೂ ಸ್ವಾರಸ್ಯದ್ದು ಕಂಚಿನ ಸರ್ಪದ ಕಥೆ. ಅರಣ್ಯಕಾಂಡದಲ್ಲಿ ಹಾವು ಕಚ್ಚಿದವರು ನೋಡಿ ಬದುಕಲೆಂದು ದೇವರ ಮಾತಿನಂತೆಯೇ ಮೋಶೆ ಕಂಚಿನ ಸರ್ಪವನ್ನು ಮಾಡಿ ಕಂಬಕ್ಕೇರಿಸುತ್ತಾನೆ. ಶತಮಾನಗಳ ನಂತರ ಜನ ಅದಕ್ಕೆ ಧೂಪ ಹಾಕತೊಡಗಿದಾಗ ಹಿಜ್ಕೀಯನೆಂಬ ಅರಸು ಅದನ್ನು ಒಡೆದು ಚೂರು ಮಾಡುತ್ತಾನೆ. ಅರಳಿಕಟ್ಟೆಯ ನಾಗರಕಲ್ಲುಗಳ ನಡುವೆ ಬೆಳೆದ ನಮಗೆ ಈ ಕಥೆಯ ಎರಡು ತುದಿಗಳೂ ಅರ್ಥವಾಗುತ್ತವೆ. ಮಾಡಿಸಿದ್ದೂ ಶಾಸ್ತ್ರ, ಒಡೆಸಿದ್ದೂ ಶಾಸ್ತ್ರ. ನಡುವೆ ಬದಲಾದದ್ದು ನೋಡುವವರ ಕಣ್ಣು.

ಲೋಭದ ಒರೆಗೆ ಹಚ್ಚಿದರೆ ಉಳಿಯಲಾರದ್ದು, ಹಣಕ್ಕೆ ಪಾಪದಂಡನೆಯ ಮಾಫಿಪತ್ರ ಕೊಡುವ ಪದ್ಧತಿ. 1517ರಲ್ಲಿ ಲೂಥರ್ ಸಿಡಿದೆದ್ದದ್ದು ಇದರ ಮೇಲೆಯೇ. ಅಧ್ವರ್ಯುವಿನ ಬಟ್ಟೆಗೂ ಇದಕ್ಕೂ ಅಂತರ ಬಹಳವಿಲ್ಲ. ಕಥೋಲಿಕ ಸಭೆಯೂ ಕಡೆಗೆ ಇದನ್ನು ಕಂಡುಕೊಂಡಿತು. 1567ರಲ್ಲಿ ಐದನೆಯ ಪಿಯೂಸ್ ಪೋಪರು ಹಣ ತಳುಕುಹಾಕಿಕೊಂಡಿದ್ದ ಮಾಫಿಗಳನ್ನು ರದ್ದುಪಡಿಸಿದರು.

ಹೊಳೆನರಸೀಪುರದ ಸನ್ಯಾಸಿಗಳ ವಿಚಾರ ಹೇಳುತ್ತೇನೆಂದಿದ್ದೆ. ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಶ್ರೀ ಸಚ್ಚಿದಾನಂದೇಂದ್ರ ಸರಸ್ವತಿಗಳು, ಪೂರ್ವಾಶ್ರಮದ ಸುಬ್ಬರಾಯರು, 1929ರಲ್ಲಿ ಮೂಲಾವಿದ್ಯಾನಿರಾಸವೆಂಬ ಸಂಸ್ಕೃತ ಗ್ರಂಥವನ್ನು ಬರೆದು, ಮೂಲಾವಿದ್ಯೆಯೆಂಬ ಕಲ್ಪನೆ ಶಂಕರರ ಭಾಷ್ಯದಲ್ಲಿಲ್ಲ, ನಂತರದ ವ್ಯಾಖ್ಯಾನಕಾರರು ತಂದದ್ದು ಎಂದು ಸಾಧಿಸಹೊರಟರು. ಮೂಲಕ್ಕೆ ಹೋಗಿ, ವ್ಯಾಖ್ಯಾನವನ್ನು ಭಾಷ್ಯದಿಂದಲೇ ಅಳೆಯಿರಿ ಎಂಬುದು ಅವರ ಹಟ. ಪಂಡಿತರ ವಿರೋಧ ಕಡಿಮೆಯಿರಲಿಲ್ಲ. 1975ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ಹಟ ಸಡಿಲಲಿಲ್ಲ. ಲೂಥರನನ್ನೂ ಇವರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಹೊರಟಿಲ್ಲ. ಹೊಳೆನರಸೀಪುರದವರಿಗೆ ಆ ಜರ್ಮನ್ ಸನ್ಯಾಸಿಯ ತಳಮಳ ಪರಕೀಯವಾಗಿ ತೋರಬೇಕಾಗಿಲ್ಲ ಎಂದು ಮಾತ್ರ ಹೇಳುತ್ತೇನೆ.

ಆದರೆ ಮೂಲಕ್ಕೆ ಹೋಗಿ ಎಂದರೆ ಹೋಗಲು ದಾರಿ ಬೇಕಲ್ಲ. 17ನೆಯ ಶತಮಾನದ ನಡುವಿನಲ್ಲಿ ಲಿಯೊನಾರ್ದೊ ಚಿನ್ನಮಿ ಎಂಬ ಜೆಸ್ವಿತ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಸೀಮೆಯಲ್ಲಿ ಕಥೋಲಿಕ ಮತವನ್ನು ನೆಲೆಗೊಳಿಸಿದನು. ಕನ್ನಡ ಕಲಿತು ಧರ್ಮೋಪದೇಶದ ಗ್ರಂಥವನ್ನೂ ವ್ಯಾಕರಣವನ್ನೂ ಬರೆದನು. ಪೂರ್ಣ ಬೈಬಲು ಕನ್ನಡದಲ್ಲಿ ಅಚ್ಚಾಗಿ ಮುಗಿದದ್ದು ಬಳ್ಳಾರಿಯ ಪ್ರಾಟೆಸ್ಟೆಂಟ್ ಪಾದ್ರಿ ಜಾನ್ ಹ್ಯಾಂಡ್ಸರ ಶ್ರಮದಿಂದ, 1831ರ ಹೊತ್ತಿಗೆ. ನಡುವಣ ಸುಮಾರು 180 ವರ್ಷ ನಮ್ಮ ಹಳ್ಳಿಯ ಕ್ರೈಸ್ತನ ಕೈಯಲ್ಲಿ ಇದ್ದದ್ದು ಪುಸ್ತಕವಲ್ಲ, ಮಣಿಸರ. 1773ರಲ್ಲಿ ಪೋಪರೇ ಜೆಸ್ವಿತ್ ಸಂಘವನ್ನು ವಿಸರ್ಜಿಸಿದರು. ಆಮೇಲೆ ಟಿಪ್ಪುವಿನ ಕಾಲದ ಕಷ್ಟಗಳು. ಪಾದ್ರಿಯಿಲ್ಲದ ಊರುಗಳಲ್ಲಿ ಧರ್ಮವನ್ನು ಉಳಿಸಿದ್ದು ಬಾಯಿಪಾಠದ ಜಪ, ಹಬ್ಬ, ಉಪವಾಸ, ಶಿಲುಬೆಯ ಗುರುತು. ಶಾಸ್ತ್ರಾಧಾರವಿಲ್ಲವೆಂದು ಬಯ್ಯಿಸಿಕೊಂಡ ಆಚಾರಗಳೇ ಶಾಸ್ತ್ರ ಬರುವವರೆಗೆ ಮನೆ ಕಾದವು.

1799ರ ನಂತರ ಆ ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಿದವನು ಅಬ್ಬೆ ದ್ಯುಬ್ವಾ. ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ರೈತರ ನೆಲೆಯೊಂದನ್ನು ಕಟ್ಟಿದನು. ಸಿಡುಬಿಗೆ ದೇವಿ ಹಾಕಿಸಲು ಊರೂರು ತಿರುಗಿದನು. ನಮ್ಮವರ ಪಾಲಿಗೆ ಅವನು ದೊಡ್ಡ ಸ್ವಾಮಿಯವರು. ಹಿಂದೂ ಆಚಾರಗಳ ಮೇಲೆ ಅವನು ಬರೆದ ಗ್ರಂಥವನ್ನು ಬಲ್ಲವರು ಬಹಳ. 1823ರಲ್ಲಿ ಲಂಡನಿನಲ್ಲಿ ಅಚ್ಚಾದ ಅವನ ಪತ್ರಗಳನ್ನು ಓದಿದವರು ವಿರಳ. ಬೈಬಲಿನ ಅನುವಾದಗಳನ್ನು ಹಂಚಿ ಹಿಂದೂಗಳನ್ನು ಒಲಿಸಬಹುದೆಂಬ ಪ್ರಾಟೆಸ್ಟೆಂಟರ ನಂಬಿಕೆಯನ್ನು ಅವನು ಅಲ್ಲಿ ಅಲ್ಲಗಳೆಯುತ್ತಾನೆ. ಪೂಜೆ, ಮೆರವಣಿಗೆ, ಪ್ರತಿಮೆ, ತೀರ್ಥ, ಉಪವಾಸ, ಸತ್ತವರಿಗೆ ಪ್ರಾರ್ಥನೆ, ಇಷ್ಟೆಲ್ಲ ಹೋಲಿಕೆಯುಳ್ಳ ಕಥೋಲಿಕ ಮತವೇ ಇಲ್ಲಿ ಬೇರೂರಲಾರದೆ ಹೋದರೆ ಬರಿಯ ಪುಸ್ತಕದ ಮತ ಬೇರೂರೀತೆ ಎಂಬುದು ಅವನ ವಾದ. ಆದರೆ ಅದೇ ಪತ್ರಗಳಲ್ಲಿ ತನ್ನ ಜನರ ರಾತ್ರಿಯ ತೇರು, ಪಂಜು, ಬಾಣಬಿರುಸು, ವಾದ್ಯಗಳ ಗದ್ದಲವನ್ನು ಕಂಡು ನಾಚಿಕೊಳ್ಳುತ್ತಾನೆ. ಆಚಾರವನ್ನು ಎತ್ತಿಹಿಡಿದ ಕೈಯೇ ಅದನ್ನು ಮುಚ್ಚಿಡಲು ನೋಡಿದ್ದು ವಿಚಿತ್ರ.

ಈಗ ಕಾವು ಇಳಿದಿದೆ. ಎರಡನೆಯ ವ್ಯಾಟಿಕನ್ ಸಭೆ 1965ರಲ್ಲಿ ಶ್ರೀಗ್ರಂಥದ ಬಾಗಿಲನ್ನು ಸಾಮಾನ್ಯ ಕಥೋಲಿಕನಿಗೆ ಅಗಲವಾಗಿ ತೆರೆಯಿತು. ಲ್ಯಾಟಿನ್ ಹೋಗಿ ಪೂಜೆಗೆ ಕನ್ನಡ ಬಂತು. ನಂಬಿಕೆ ಮತ್ತು ಕರ್ಮಗಳ ಹಳೆಯ ವ್ಯಾಜ್ಯದಲ್ಲಿ 1999ರಲ್ಲಿ ಕಥೋಲಿಕರೂ ಲೂಥರನ ಕಡೆಯವರೂ ಒಂದು ಒಡಂಬಡಿಕೆಗೆ ಬಂದರು. 2006ರಲ್ಲಿ ಅದಕ್ಕೆ ಮೆಥಡಿಸ್ಟರೂ ಸೇರಿದರು. ಹಾಸನದ ರೆಡ್‌ಫರ್ನ್ ಆಸ್ಪತ್ರೆಯನ್ನು ಕಟ್ಟಿದ ವೆಸ್ಲಿಯನ್ ಮಿಷನ್ನು ಆ ಬಳಗದ್ದೇ.

ಇಷ್ಟಾದರೂ ಎರಡು ಪಕ್ಷದವರೂ ಪರಸ್ಪರ ಕೇಳದ ಪ್ರಶ್ನೆಯೊಂದು ಉಳಿಯುತ್ತದೆ. ದಕ್ಷಿಣ ಭಾರತದ ಎಷ್ಟೋ ಚರ್ಚುಗಳಲ್ಲಿ ಜಾತಿಗೊಂದು ಸಾಲು, ಜಾತಿಗೊಂದು ಸ್ಮಶಾನ ಬಹುಕಾಲ ನಡೆದುಬಂದವು. ಕೆಲವೆಡೆ ಇಂದಿಗೂ ಇವೆ. ಮದುವೆಯ ಮಾತುಕತೆಯಲ್ಲಂತೂ ಜಪಮಾಲೆಯವರೂ ಸತ್ಯವೇದದವರೂ ಒಂದೇ. ಮಣಿ ಎಣಿಸುವುದಕ್ಕೆ ವಾಕ್ಯ ಕೇಳುವವರು ಇದಕ್ಕೇಕೆ ಕೇಳುವುದಿಲ್ಲ? ಮೀಮಾಂಸಕನ ಲೆಕ್ಕದಲ್ಲಿ ಕಾಣುವ ಶ್ರುತಿಗೆ ನೇರವಾಗಿ ವಿರುದ್ಧವಾದ ಆಚಾರ ಇದು. ಆ ಶ್ರುತಿಯೂ ಇದೆ, ಗಲಾತ್ಯರಿಗೆ ಪೌಲ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ. ಅಂತಿಯೋಕ್ಯದಲ್ಲಿ ಪೇತ್ರನು ಯೆಹೂದ್ಯರಲ್ಲದ ಕ್ರೈಸ್ತರೊಡನೆ ಕೂತು ಉಣ್ಣುತ್ತಿದ್ದನು. ಜೆರೂಸಲೇಮಿನಿಂದ ಮಡಿವಂತರು ಕೆಲವರು ಬಂದೊಡನೆ ಅಂಜಿ ಎದ್ದು ಬೇರೆ ಪಂಕ್ತಿಗೆ ಸರಿದನು. ಪೌಲನು ಎಲ್ಲರ ಮುಂದೆ, ಮುಖಕ್ಕೆ ಮುಖ ಕೊಟ್ಟು, ಅವನನ್ನು ತಪ್ಪಿತಸ್ಥನೆಂದನು. ಹಾಗೆ ಅನ್ನಿಸಿಕೊಂಡವನು ಸಾಮಾನ್ಯನಲ್ಲ, ಕಥೋಲಿಕರು ಮೊದಲ ಪೋಪರೆಂದು ಗೌರವಿಸುವ ಸಂತ ಪೇತ್ರ. ಈ ಪತ್ರ ಮಕ್ಕಬಿಯರ ಗ್ರಂಥದ ಹಾಗೆ ವಿವಾದದ್ದಲ್ಲ. ಅತ್ತಿಗೆಯ ಪುಸ್ತಕದಲ್ಲಿಯೂ ಇದೆ, ನಾದಿನಿಯ ಪುಸ್ತಕದಲ್ಲಿಯೂ ಇದೆ.