ಎ.ಸಿ. ಬಂದ್ ಮಾಡಿ ಉಳಿಸಿದ ಅರುವತ್ತು ರಿಯಾಲ್

(ದಮ್ಮಾಮ್ ಘಟಕದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ 'ಅನಿವಾಸಿಗಳು ಮತ್ತು ಉಳಿತಾಯ'. ಅಕೌಂಟೆಂಟ್ ಅಲ್ವಾ, ಲೆಕ್ಕ ಹೇಳ್ತಾನೆ ಅಂತ ಕೊಟ್ಟಿರಬೇಕು. ಆದರೆ ಉಳಿತಾಯ ಮಾಡಿ ಅಂತ ನಮ್ಮವರಿಗೆ ಹೇಳುವ ಅಗತ್ಯ ಎಲ್ಲಿ ಉಂಟು ಮಾರಾಯ್ರೆ? ಒಂದು ರಿಯಾಲಿನ ಖುಬ್ಬೂಸ್ ಪ್ಯಾಕೆಟಿನಲ್ಲಿ ಎರಡು ಹೊತ್ತು ಕಳೆಯುವವರು ಈ ಹಾಲಿನಲ್ಲೇ ಇದ್ದೀರಿ. ದುಂದುವೆಚ್ಚದ ಬಗ್ಗೆ ಉಸ್ತಾದರು ಈಗಷ್ಟೇ ಚೆನ್ನಾಗಿ ಹೇಳಿದರು. ಸೂರಃ ಅಲ್ ಫುರ್ಖಾನಿನ 67ನೇ ಆಯತ್ತಿನಲ್ಲಿ ದುಂದಿನ ಜೊತೆಯಲ್ಲೇ ಜಿಪುಣತನದ ಮಾತೂ ಉಂಟು. ನಾನು ಆ ಎರಡನೇ ಅರ್ಧದ ಮನುಷ್ಯ. ಅದನ್ನೇ ಹೇಳ್ತೇನೆ.

ನನ್ನ ಉಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದವರು. ಬಂಟ್ವಾಳದ ಕಡೆ ನಮ್ಮ ಮನೆಗೆ ಕರೆಂಟ್ ಬಂದದ್ದು ತಡವಾಗಿ. ಸೀಮೆ ಎಣ್ಣೆ ರೇಶನಿನದ್ದು, ತಿಂಗಳು ಪೂರ್ತಿ ಬರಬೇಕು. ಉಮ್ಮ ಬೀಡಿ ಕಟ್ಟುವಾಗ ಚಿಮಣಿಯ ಬತ್ತಿ ಇಳಿಸುತ್ತಿದ್ದರು. ಅವರ ಕೈಗೆ ಬೆಳಕು ಬೇಡ, ಎಲೆ ಮುಟ್ಟಿದರೆ ಸಾಕು. ನಾವು ಮಕ್ಕಳು ಪುಸ್ತಕ ಹಿಡಿದು ಕೂತರೆ ಬತ್ತಿ ಏರಿಸುತ್ತಿದ್ದರು. ಎಷ್ಟು ಹೊತ್ತು ಓದ್ತೀರಿ ಅಂತ ಒಂದು ದಿನವೂ ಕೇಳಿದವರಲ್ಲ. ನಾನು ಬಿ.ಕಾಂ. ಮುಗಿಸಿದ್ದು ಆ ಬೆಳಕಿನಿಂದಲೇ. ಆದರೆ ಉಮ್ಮನಿಂದ ನಾನು ಕಲಿತದ್ದು ಬತ್ತಿ ಇಳಿಸುವುದು ಮಾತ್ರ. ಏರಿಸುವುದನ್ನು ಕಲಿಯಲಿಲ್ಲ.

2012ರಲ್ಲಿ ಹೆಂಡತಿ ಮಗಳನ್ನು ಕರ್ಕೊಂಡು ಇಲ್ಲಿಗೆ ಬಂದಳು. ಮಗ ಹುಟ್ಟಿದ್ದು ಆಮೇಲೆ. 2017ರ ಜುಲೈಯಲ್ಲಿ ಲೆವಿ ಶುರುವಾಯ್ತು, ನಿಮಗೆಲ್ಲ ನೆನಪಿರಬಹುದು. ಆಶ್ರಿತರ ತಲೆಗೆ ತಿಂಗಳಿಗೆ 100 ರಿಯಾಲ್, ಮರು ವರ್ಷ 200, ಆಮೇಲೆ 300, 2020ಕ್ಕೆ 400. ನಮ್ಮಲ್ಲಿ ಮೂರು ತಲೆ. ಮೊದಲ ವರ್ಷ 3,600, ಎರಡನೇ ವರ್ಷ 7,200. ಎರಡು ವರ್ಷಕ್ಕೆ ಒಟ್ಟು 10,800 ರಿಯಾಲ್. ಅದರ ನಡುವೆ 2018ರ ಜನವರಿಯಲ್ಲಿ ಶೇಕಡಾ 5 ವ್ಯಾಟ್ ಬಂತು, ಕರೆಂಟ್ ರೇಟೂ ಏರಿತು. ಬಿಲ್ಡಿಂಗಿನಲ್ಲಿ ಒಂದೊಂದೇ ಮನೆ ಖಾಲಿಯಾಗುತ್ತಾ ಬಂತು. ನಾನು ಹಠ ಹಿಡಿದೆ: ನನ್ನ ಸಂಸಾರವನ್ನು ಕಳಿಸುವುದಿಲ್ಲ, ಖರ್ಚು ಇಳಿಸಿ ಲೆವಿ ಕಟ್ತೇನೆ.

ಎಕ್ಸೆಲ್ ಶೀಟ್ ತೆರೆದೆ. ಶುಕ್ರವಾರದ ಹೋಟೆಲ್ ಊಟ ಬಂದ್. ಹಾಫ್ ಮೂನ್ ಬೀಚಿಗೆ ಹೋಗುವುದು ಬಂದ್. ತರಕಾರಿ ಹೋಲ್‌ಸೇಲ್ ಮಾರ್ಕೆಟಿನಿಂದ ಪೆಟ್ಟಿಗೆಯಲ್ಲಿ ತಂದು ಮೂರು ಮನೆಯವರು ಪಾಲು ಮಾಡಿಕೊಂಡೆವು. ಅದು ಒಳ್ಳೆಯದೇ, ಈಗಲೂ ಮಾಡಿ. ಪೇಸ್ಟಿನ ಟ್ಯೂಬನ್ನು ಕತ್ತರಿಯಲ್ಲಿ ಕತ್ತರಿಸಿ ಉಜ್ಜಿದೆವು. ಅದನ್ನು ನಾನು ಈಗಲೂ ಮಾಡ್ತೇನೆ, ನಾಚಿಕೆ ಇಲ್ಲ. ಅಷ್ಟಾದಾಗ ತಿಂಗಳಿಗೆ 300 ಉಳಿಯಿತು, ಮೊದಲ ವರ್ಷದ ಲೆವಿಗೆ ಸರಿಯಾಯ್ತು. ಅಲ್ಲಿಗೆ ನಿಲ್ಲಿಸಬೇಕಿತ್ತು, ಅಥವಾ ಮುಂದಿನ ವರ್ಷಕ್ಕೆ ಎಷ್ಟು ಬೇಕೋ ಅಷ್ಟೇ ನೋಡಬೇಕಿತ್ತು. ಆದರೆ ಉಳಿತಾಯಕ್ಕೂ ಒಂದು ಅಮಲು ಉಂಟು. ತಿಂಗಳ ಕೊನೆಗೆ ಆ ಕಾಲಮ್ಮಿನ ಮೊತ್ತ ಏರುವುದನ್ನು ನೋಡುವಾಗ ಒಂದು ಖುಷಿ. ಚಹಾ ಪುಡಿಯನ್ನು ಎರಡು ಸಲ ಕುದಿಸಲು ಹೇಳಿದೆ. ಒಮ್ಮೆ ಊರಿನವರೊಬ್ಬರು ಮನೆಗೆ ಬಂದಾಗಲೂ ಅದೇ ಪುಡಿ. ಅವರು ಆ ಬಣ್ಣದ ನೀರನ್ನು ಕುಡಿದು 'ಸುಲೈಮಾನಿ ಒಳ್ಳೆದಾಗಿದೆ' ಅಂದರು. ಅದು ಹಾಲು ಹಾಕಿದ ಚಹಾ. ಆಮೇಲೆ ನನ್ನ ಹೆಂಡತಿ ಯಾರನ್ನೂ ಮನೆಗೆ ಕರೆಯಲಿಲ್ಲ. ಖರ್ಚು ಇನ್ನೂ ಇಳಿಯಿತು ಅಂತ ನಾನು ಶೀಟಿನಲ್ಲಿ ಬರೆದೆ.

2018ರ ಆಗಸ್ಟ್. ದಮ್ಮಾಮಿನ ಆಗಸ್ಟ್ ನಿಮಗೆ ಹೇಳಬೇಕಾಗಿಲ್ಲ. ರಾತ್ರಿ ಕಿಟಕಿ ತೆರೆದರೆ ಒದ್ದೆ ಕಂಬಳಿ ಮುಖಕ್ಕೆ ಹಾಕಿದ ಹಾಗೆ. ನಮ್ಮದು ಒಂದೂವರೆ ಟನ್ನಿನ ಹಳೇ ವಿಂಡೋ ಎ.ಸಿ. ಗಂಟೆಗೆ ಸುಮಾರು 1.8 ಯೂನಿಟ್, ಯೂನಿಟಿಗೆ 18 ಹಲಾಲ. ರಾತ್ರಿ 12ರಿಂದ 6ರವರೆಗೆ ಬಂದ್ ಮಾಡಿದರೆ ದಿನಕ್ಕೆ ಎರಡು ರಿಯಾಲಿಗೆ ಸ್ವಲ್ಪ ಕಡಿಮೆ. ತಿಂಗಳಿಗೆ ವ್ಯಾಟ್ ಸೇರಿ 60 ರಿಯಾಲಿನ ಹತ್ರ. ಬಂದ್ ಮಾಡಿದೆ. ಫ್ಯಾನ್ ಉಂಟಲ್ಲ, ನಾವು ಊರಲ್ಲಿ ಎ.ಸಿ. ಹಾಕಿ ಬೆಳೆದವರಾ ಅಂತ ಭಾಷಣ ಬೇರೆ ಮಾಡಿದೆ.

ಮಗನ ಮೈ ಇಡೀ ಬೆವರುಸಾಲೆ. ಒಂದು ರಾತ್ರಿ ಮಗಳು ಎದ್ದು ಬಂದು ನನ್ನನ್ನು ಕೇಳಿದಳು: "ಉಪ್ಪಾ, ಐದು ನಿಮಿಷ ಹಾಕಿದ್ರೆ ಎಷ್ಟಾಗ್ತದೆ?" ನಾನು ಎಂತ ಮಾಡಿದೆ ಗೊತ್ತುಂಟಾ? ಲೆಕ್ಕ ಹಾಕಿ ಹೇಳಿದೆ. ಮೂರು ಹಲಾಲ. ಅವಳು ಒಳಗೆ ಹೋಗಿ 50 ಹಲಾಲದ ನಾಣ್ಯ ತಂದು ನನ್ನ ಕೈಯಲ್ಲಿಟ್ಟಳು. 50 ಹಲಾಲಕ್ಕೆ ಒಂದೂವರೆ ಗಂಟೆ ಆಗ್ತದೆ ಅಂತ ನನ್ನ ತಲೆ ಆಗಲೂ ಲೆಕ್ಕ ಮಾಡಿತು. ಆ ರಾತ್ರಿ ಎ.ಸಿ. ಹಾಕಿದೆ. ಕತೆಯಾದರೆ ಇಲ್ಲಿಗೆ ನನಗೆ ಬುದ್ಧಿ ಬರಬೇಕಿತ್ತು. ಮರುದಿನ 12 ಗಂಟೆಗೆ ಪುನಃ ಬಂದ್ ಮಾಡಿದೆ.

ಅದೇ ವಾರ ಹೆಂಡತಿ ಪಾತ್ರೆ ತೊಳೆಯುತ್ತಾ, ನನ್ನ ಮುಖ ನೋಡದೆ ಹೇಳಿದಳು: "ನಾವು ಊರಿಗೆ ಹೋಗ್ತೇವೆ. ಅಲ್ಲಿ ಫ್ಯಾನ್ ಹಾಕಲಿಕ್ಕೆ ಯಾರನ್ನೂ ಕೇಳುವುದು ಬೇಡ."

2019ರ ಜೂನಿನಲ್ಲಿ, ಲೆವಿ 300 ಆಗುವ ಮುಂಚೆ, ಅವರು ಊರಿಗೆ ಹೋದರು. ಕೇಳಿದವರಿಗೆಲ್ಲ ನಾನು ಹೇಳಿದ್ದು ಲೆವಿ ಅಂತ. ತಿಂಗಳಿಗೆ 900 ಯಾರಿಂದ ಆಗ್ತದೆ ಅಂತ. ಅದು ಸುಳ್ಳಲ್ಲ. ಆದರೆ ಹೆಂಡತಿ 'ಹೋಗ್ತೇವೆ' ಅಂದದ್ದು ಅದಕ್ಕೆ ಹತ್ತು ತಿಂಗಳ ಮುಂಚೆ.

ಅವರು ಹೋದ ಮೇಲೆ ಒಂದು ರಾತ್ರಿ ಖಾಲಿ ಫ್ಲಾಟಿನಲ್ಲಿ ಕೂತು ಆ ಶೀಟ್ ತೆರೆದೆ. ಎರಡು ವರ್ಷದ ಕಡಿತ ಕೂಡಿಸಿದರೆ 14,400. ಕಟ್ಟಿದ ಲೆವಿ 10,800. ಉಳಿದದ್ದು 3,600, ತಿಂಗಳಿಗೆ 150. ಲೆವಿಗೆ ಬೇಕಾದದ್ದಕ್ಕಿಂತ ತಿಂಗಳಿಗೆ 150 ಹೆಚ್ಚು ಕಡಿದಿದ್ದೇನೆ. ಎ.ಸಿ.ಗೆ ಬೇಕಿದ್ದದ್ದು 60. ಬೇರೆಯವರ ಲೆಕ್ಕದಲ್ಲಿ ಇಂಥದ್ದು ಕಂಡಿದ್ದರೆ ಒಂದೇ ದಿನದಲ್ಲಿ ಹಿಡಿಯುತ್ತಿದ್ದೆ. ಆ 3,600 ಬ್ಯಾಂಕಿನಲ್ಲಿ ಸುಮ್ಮನೆ ಬಿದ್ದಿತ್ತು.

ಕಾಮರ್ಸ್ ಕಲಿತವರಿಗೆ ಗೊತ್ತು, ಕೊಡಬೇಕಾದ ಖರ್ಚನ್ನು ಕೊಡದೆ ಬಾಕಿ ಇಟ್ಟರೆ ಅದು ಲಾಭ ಅಲ್ಲ. ಅದು ಔಟ್‌ಸ್ಟ್ಯಾಂಡಿಂಗ್. ಲಾಭ ಅಂತ ತೋರಿಸಿದರೆ ಆಡಿಟರ್ ಬಿಡುವುದಿಲ್ಲ. ಮನೆ ಲೆಕ್ಕಕ್ಕೆ ಆಡಿಟರ್ ಇಲ್ಲ, ಹಾಗಾಗಿ ನಾವು ಇನ್ನೊಬ್ಬರ ನಿದ್ದೆಯನ್ನು, ಮರ್ಯಾದೆಯನ್ನು ಬಾಕಿ ಇಟ್ಟು ಉಳಿತಾಯ ಅಂತ ಬರೆಯುತ್ತೇವೆ.

ಈಗ ನನ್ನ ಶೀಟಿನಲ್ಲಿ ಎರಡು ಕಾಲಂ ಹೆಚ್ಚು ಉಂಟು. ಒಂದು, 'ಇದನ್ನು ಯಾರು ಸಹಿಸುವುದು?' ಅಲ್ಲಿ ನನ್ನ ಹೆಸರು ಇದ್ದರೆ ಕಡಿಯುತ್ತೇನೆ. ನನ್ನ ಹಳೇ ಅಂಗಿ, ನನ್ನ ಊಟ, ಹೋಗಬಹುದಾದಲ್ಲಿಗೆಲ್ಲ ನಡೆದೇ ಹೋಗುವುದು, ಇದೆಲ್ಲ ನನ್ನ ಸ್ವಾತಂತ್ರ್ಯ. ಇನ್ನೊಬ್ಬರ ಹೆಸರು ಬಂದರೆ ಅವರು ಒಪ್ಪಬೇಕು, ಮಕ್ಕಳ ಹೆಸರು ಬಂದರೆ ಒಪ್ಪಿಗೆಯನ್ನೂ ಕೇಳುವುದಿಲ್ಲ. ಯಾಕೆಂದರೆ ಮಕ್ಕಳು ನಮ್ಮ ಮುಖ ನೋಡಿ 'ಆಯ್ತು' ಅಂತಾರೆ. ಇನ್ನೊಂದು ಕಾಲಂ, 'ಯಾವಾಗ ಮುಗಿಯುತ್ತದೆ?' ಪ್ರತಿ ಕಡಿತಕ್ಕೂ ಒಂದು ತಾರೀಕು ಅಥವಾ ಮೊತ್ತ ಇರಬೇಕು. ತಂಗಿಯ ಮದುವೆವರೆಗೆ, ಸಾಲ ತೀರುವವರೆಗೆ, ಹೀಗೆ. ಆ ದಿನ ಬಂದರೆ ಕಡಿತ ಬಂದ್, ಅಂತ ಮೊದಲೇ ಬರೆದಿಡಬೇಕು. ನಂತರ ಬರೆಯುತ್ತೇನೆ ಅಂದರೆ ಆಗುವುದಿಲ್ಲ, ನನ್ನ ಅನುಭವ.

ನಿದ್ದೆ, ಹಲ್ಲು, ಮದ್ದು, ಇವನ್ನು ನಾನು ಆ ಶೀಟಿಗೆ ತರುವುದೇ ಇಲ್ಲ. ಹಲ್ಲಿನ ಕತೆ ಬೇಡ, ಮಂಗಳೂರಿನಲ್ಲಿ ಎರಡು ರಜೆ ಅದರಲ್ಲೇ ಹೋಯ್ತು. ಮದ್ದಿನ ಒಂದು ವಿಷಯ ಹೇಳಿ ಮುಗಿಸ್ತೇನೆ.

ಸಂಸಾರ ಹೋದ ಮೇಲೆ ನಾನು ಬ್ಯಾಚುಲರ್ ರೂಮಿಗೆ ಬಂದೆ. ಅಲ್ಲಿ ಒಬ್ಬರು ಹಿರಿಯರಿದ್ದರು, ಶುಗರಿನವರು. ಅವರ ಖರ್ಚಿನ ಪುಸ್ತಕ ನಾನೇ ನೋಡಿಕೊಡುವುದು. ಒಂದು ತಿಂಗಳು ಮದ್ದಿನ ಖಾತೆ ಅರ್ಧಕ್ಕೆ ಇಳಿದಿತ್ತು. "ಶಾಭಾಷ್, ಶುಗರ್ ಕಂಟ್ರೋಲಿಗೆ ಬಂತಲ್ಲ" ಅಂದೆ. ಅವರು ನಕ್ಕರು. ದಿನಕ್ಕೆ ಎರಡು ಬರೆದ ಮಾತ್ರೆಯನ್ನು ಅವರು ಒಂದಕ್ಕೆ ಇಳಿಸಿದ್ದರು, ಮಗಳ ಫೀಸಿಗೆ. ಕಾಲಿನ ಗಾಯ ಒಣಗದೆ ನಾವೆಲ್ಲ ಸೇರಿ ಆಸ್ಪತ್ರೆಗೆ ಕೊಂಡುಹೋದಾಗ ತಡವಾಗಿತ್ತು, ಒಂದು ಬೆರಳು ತೆಗೆದರು. ಅಂಕಿ ಇಳಿದದ್ದು ನನಗೆ ಕಂಡಿತ್ತು. ಯಾಕೆ ಇಳಿಯಿತು ಅಂತ ಕೇಳಲಿಲ್ಲ.

ಈ ಹಾಲಿನಲ್ಲಿ ಮಾತ್ರೆ ಅರ್ಧ ಮಾಡುವವರು ಇನ್ನೂ ಇದ್ದಾರೆ, ನನಗೆ ಗೊತ್ತು. ಹೆಸರು ಹೇಳುವುದಿಲ್ಲ. ಖಾಸಗಿ ಕಂಪೆನಿಯಲ್ಲಿ ಕೆಲಸ ಮಾಡುವವರಿಗೆ ಇನ್ಶೂರೆನ್ಸ್ ಮಾಡಿಸುವುದು ಇಲ್ಲಿ ಮಾಲಕನ ಕರ್ತವ್ಯ. ಅದು ಕಾನೂನು. ಡಾಕ್ಟರಲ್ಲಿ ನಮ್ಮ ಪಾಲು ಎಷ್ಟು, ಮದ್ದಿಗೆ ಎಷ್ಟು ಅಂತ ಒಂದೊಂದು ಪಾಲಿಸಿಯಲ್ಲಿ ಒಂದೊಂದು ಥರ ಇರ್ತದೆ. ನಮ್ಮವರು ಅದನ್ನು ಓದದೆ, ತುಂಬಾ ಆಗಬಹುದು ಅಂತ ಹೆದರಿ ಹೋಗುವುದೇ ಇಲ್ಲ. ಸಭೆ ಮುಗಿದ ಮೇಲೆ ನಾನು ಆ ಹಿಂದಿನ ಮೇಜಿನಲ್ಲಿ ಕೂತಿರ್ತೇನೆ. ಕಾರ್ಡ್ ತನ್ನಿ, ಒಟ್ಟಿಗೆ ನೋಡುವ. ಯಾರಿಗೂ ಕೇಳದ ಹಾಗೆ ಮಾತಾಡುವ.

ಚಹಾ ಕೂಡ ಅಲ್ಲೇ ಉಂಟು. ಪುಡಿ ಹೊಸತು, ನಾನೇ ನೋಡಿ ಬಂದಿದ್ದೇನೆ.