ನಮ್ಮ ದ್ವೀಪದ ಚರಿತ್ರೆಯನ್ನು ನಾವೇ ಓದೋಣ
(ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಬಹುಮಾನ ಪಡೆದ ಮಕ್ಕಳಿಗೆ ಮೊದಲು ಅಭಿನಂದನೆ. ಪರೀಕ್ಷೆಗೆ ಓದಿದ್ದಾಯಿತು, ಇನ್ನು ತಿಳಿವಳಿಕೆಗಾಗಿ ಓದಬೇಕು. ಎಲ್ಲಿಂದ ಆರಂಭಿಸುವುದು ಎಂದು ಕೇಳಿದರೆ, ನಮ್ಮ ಜಿಲ್ಲೆಯಲ್ಲೇ ಕಾವೇರಿ ಎರಡು ಕವಲಾಗಿ ಬಳಸಿಕೊಂಡಿರುವ ಶ್ರೀರಂಗಪಟ್ಟಣ ದ್ವೀಪದಿಂದ ಎನ್ನುತ್ತೇನೆ.

ಈ ಚಿಕ್ಕ ದ್ವೀಪ ಎಷ್ಟು ಆಳ್ವಿಕೆಗಳನ್ನು ಕಂಡಿದೆ ನೋಡಿ. ವಿಜಯನಗರದ ಪ್ರತಿನಿಧಿಗಳು ಇಲ್ಲಿಂದ ಆಳುತ್ತಿದ್ದರು. 1610ರಲ್ಲಿ ರಾಜ ಒಡೆಯರು ಇದನ್ನು ವಶಪಡಿಸಿಕೊಂಡರು. 1761ರಲ್ಲಿ ಅಧಿಕಾರ ಹೈದರ್ ಅಲಿಯ ಕೈಗೆ, 1782ರಲ್ಲಿ ಟಿಪ್ಪು ಸುಲ್ತಾನರ ಕೈಗೆ ಬಂತು. 1799ರ ಮಾರ್ಚ್ 27ರಂದು ಇದೇ ಮಳವಳ್ಳಿಯ ಬಳಿ ಇಂಗ್ಲಿಷರ ಸೈನ್ಯದೊಂದಿಗೆ ಯುದ್ಧವಾಯಿತು. ಮೇ 4ರಂದು ಕೋಟೆ ಬಿತ್ತು, ಸುಲ್ತಾನರು ಹೋರಾಡುತ್ತಲೇ ಮಡಿದರು.

ಇವರಲ್ಲಿ ಪರಕೀಯರು ಯಾರು? ಹೈದರ್ ಹುಟ್ಟಿದ್ದು ಕೋಲಾರ ಸೀಮೆಯ ಬೂದಿಕೋಟೆಯಲ್ಲಿ, ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ. ಒಡೆಯರು ಈ ನೆಲದವರೇ. ಕಡಲಾಚೆಯಿಂದ ಬಂದದ್ದು ಕಂಪನಿ. ಅದು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದರೂ ಈ ದ್ವೀಪವನ್ನು ಮಾತ್ರ ತಾನೇ ಇಟ್ಟುಕೊಂಡಿತು. ಮೈಸೂರು ಸಂಸ್ಥಾನವು ತನ್ನ ಹಳೆಯ ರಾಜಧಾನಿಗೆ ವರ್ಷಕ್ಕೆ 50,000 ರೂಪಾಯಿ ಗುತ್ತಿಗೆ ಹಣ ಕಟ್ಟಬೇಕಾಯಿತು! 1881ರಲ್ಲಷ್ಟೇ ದ್ವೀಪ ಮೈಸೂರಿಗೆ ಮರಳಿತು.

ಆಳುವವರು ಬದಲಾದಾಗ ಜನರ ಗತಿ ಏನಾಯಿತು? 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಬರೆದಿಟ್ಟಿದ್ದಾನೆ. ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಸುಮಾರು ಒಂದೂವರೆ ಲಕ್ಷ ಜನರಿದ್ದರೆಂದು ಅವನ ಅಂದಾಜು. ಅವನು ಬಂದಾಗ ಉಳಿದಿದ್ದವರು ಸುಮಾರು 32 ಸಾವಿರ. ನೇಕಾರರು, ಕಮ್ಮಾರರು, ಸಿಪಾಯಿಗಳ ಮನೆಯವರು, ವ್ಯಾಪಾರಿಗಳು ಎಲ್ಲಿ ಹೋದರು? ಇಂಥ ಪ್ರಶ್ನೆ ಓದಿದವನಿಗೆ ಹುಟ್ಟುತ್ತದೆ. ಬರೀ ಘೋಷಣೆ ಕೂಗುವವನಿಗೆ ಹುಟ್ಟುವುದಿಲ್ಲ.

ಕೋಟೆಯ ಜೊತೆಗೆ ಗ್ರಂಥಗಳೂ ಹೋದವು. ಸುಲ್ತಾನರ ಗ್ರಂಥಾಲಯದಲ್ಲಿ ಸುಮಾರು ಎರಡು ಸಾವಿರ ಸಂಪುಟಗಳಿದ್ದವು. ಗೆದ್ದವರು ಅವುಗಳಲ್ಲಿ ಬಹಳಷ್ಟನ್ನು ಕಲ್ಕತ್ತಕ್ಕೂ ಲಂಡನ್ನಿಗೂ ಸಾಗಿಸಿದರು. ಚಾರ್ಲ್ಸ್ ಸ್ಟುವರ್ಟ್ 1809ರಲ್ಲಿ ಅವುಗಳ ಪಟ್ಟಿಯನ್ನು ಅಚ್ಚು ಹಾಕಿಸಿದ. ಸುಲ್ತಾನರು ತಮ್ಮ ಕೈಯಾರೆ ಕನಸುಗಳನ್ನು ಬರೆದಿಟ್ಟ ಪುಸ್ತಕ ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಆಮೇಲೆ ನಮ್ಮ ಚರಿತ್ರೆಯನ್ನು ಬರೆದವರೂ ಅವರೇ. ಕರ್ಕ್‌ಪ್ಯಾಟ್ರಿಕ್, ವಿಲ್ಕ್ಸ್ ಇಬ್ಬರೂ ಕಂಪನಿಯ ಅಧಿಕಾರಿಗಳು. ಅವರನ್ನು ಓದಬೇಡಿ ಎನ್ನುವುದಿಲ್ಲ, ಅವರನ್ನಷ್ಟೇ ಓದಿ ಮುಗಿಸಬೇಡಿ. ಕಿರ್ಮಾನಿಯ ಪಾರಸಿ ಚರಿತ್ರೆ, ಹಯವದನ ರಾವ್ ಮತ್ತು ಪ್ರೊ. ಬಿ. ಶೇಖ್ ಅಲಿ ಅವರ ಗ್ರಂಥಗಳನ್ನೂ ಜೊತೆಗಿಟ್ಟು ಓದಿ.

ಒಂದು ಉದಾಹರಣೆ. 1791ರಲ್ಲಿ ಮರಾಠಾ ದಂಡಿನವರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಟಿಪ್ಪು ಸುಲ್ತಾನರು ಮಠಕ್ಕೆ ನೆರವು ನೀಡಿ ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆಸಿದರು. ಆ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್. ಅವರು ಹಳೆಯ ಕಾಗದಗಳನ್ನು ಬಿಚ್ಚಿ ಓದದಿದ್ದರೆ ಈ ಸಂಗತಿ ನಮಗೆಲ್ಲಿ ತಿಳಿಯುತ್ತಿತ್ತು?

ಆದರೆ ನಮಗೆ ಹಿತವಾದದ್ದನ್ನು ಮಾತ್ರ ಓದುವುದು ನ್ಯಾಯವಲ್ಲ. ಮಂಡ್ಯಂ ಅಯ್ಯಂಗಾರರ ಮನೆಗಳಲ್ಲಿ ತಮ್ಮ ಹಿರಿಯರ ಸಾವಿನ ನೆನಪಿನಿಂದ ನರಕ ಚತುರ್ದಶಿಯ ಹಬ್ಬ ಆಚರಿಸುವುದಿಲ್ಲ. ಕೊಡಗಿನವರಿಗೂ ಅವರದೇ ನೋವಿದೆ. ಆ ಮಾತುಗಳನ್ನೂ ಕಿವಿಗೊಟ್ಟು ಕೇಳಬೇಕು, ಓದಬೇಕು. ಅದರಿಂದ ಯಾರ ಗೌರವವೂ ಕಡಿಮೆಯಾಗುವುದಿಲ್ಲ. ನೆರೆಯವರ ನೋವನ್ನು ಅರಿತು ಮಾತನಾಡುವವರ ಮಾತಿಗೆ ಊರಿನಲ್ಲಿ ಬೆಲೆ ಇರುತ್ತದೆ.

ಇದಕ್ಕೆ ಭಾಷೆ ಬೇಕು. ಮನೆಯಲ್ಲಿ ಉರ್ದು ಇರಲಿ, ಆದರೆ ಕನ್ನಡವನ್ನು ಸೊಗಸಾಗಿ ಕಲಿಯಿರಿ, ಇಂಗ್ಲಿಷನ್ನು ಬಿಡಬೇಡಿ. ನಿಮ್ಮಲ್ಲಿ ಒಬ್ಬಿಬ್ಬರಾದರೂ ಪಾರಸಿ ಕಲಿತು ಆ ಮೂಲ ಗ್ರಂಥಗಳನ್ನು ಓದುವಂತಾಗಲಿ. ಹೆಣ್ಣುಮಕ್ಕಳಿಗೂ ಇದೇ ಮಾತು ಹೇಳುತ್ತಿದ್ದೇನೆ.

ತಂದೆ ತಾಯಂದಿರಲ್ಲಿ ಒಂದು ವಿನಂತಿ. ರಜೆಯಲ್ಲಿ ಮಕ್ಕಳನ್ನು ಪಟ್ಟಣಕ್ಕೆ ಕರೆದುಕೊಂಡು ಹೋಗಿ. ಜಾಮಿಯಾ ಮಸೀದಿಯ ಪಾರಸಿ ಶಾಸನ, ರಂಗನಾಥ ದೇವಾಲಯ, ಗುಂಬಜ್, ದರಿಯಾ ದೌಲತ್‌ನ ಗೋಡೆಯ ಮೇಲಿನ ಯುದ್ಧದ ಚಿತ್ರ, ಎಲ್ಲವನ್ನೂ ತೋರಿಸಿ. ಮನೆಗೆ ಬಂದ ಮೇಲೆ ಕಂಡದ್ದನ್ನು ಒಂದು ಪುಟ ಬರೆಸಿ.

ಪವಿತ್ರ ಕುರ್‌ಆನ್ ಅವತೀರ್ಣವಾದಾಗ ಬಂದ ಮೊದಲ ಆಜ್ಞೆಯೇ ಓದು ಎಂಬುದು. ಆ ಆಜ್ಞೆಯನ್ನು ನಮ್ಮ ಊರಿನಿಂದಲೇ ಪಾಲಿಸೋಣ. ಅಲ್ಲಾಹನು ನಮ್ಮೆಲ್ಲರಿಗೂ ಸದ್ಬುದ್ಧಿ, ಸದ್ವಿದ್ಯೆ ಕರುಣಿಸಲಿ. ಆಮೀನ್.