ವರ್ಷಕ್ಕೊಂದು ದಿನ ಹೊರಗೆ ಬಂದ ದೊರೆ



ಸೆರೆ ಮತ್ತು ಬಿಡುಗಡೆಯ ಚರಿತ್ರೆಯನ್ನು ಕುರಿತ ಈ ವಿಚಾರಸಂಕಿರಣ ಹೊಸಪೇಟೆಯಲ್ಲಿ ನಡೆಯುತ್ತಿರುವುದರಿಂದ ವಿಜಯನಗರದ ಸದಾಶಿವರಾಯನಿಂದಲೇ ಮಾತು ಶುರುಮಾಡುತ್ತೇನೆ. 1567ರಲ್ಲಿ ಚೆಸಾರೆ ಫೆದೆರಿಚಿ ಎಂಬ ವೆನಿಸ್ಸಿನ ವರ್ತಕ ಹಂಪೆಗೆ ಬಂದ. ವಿಜಯನಗರ ಸೋತ ರಕ್ಕಸ-ತಂಗಡಿ ಕಾಳಗ ಮುಗಿದು ಎರಡು ವರ್ಷವಾಗಿತ್ತು. ತಿಂಗಳೊಪ್ಪತ್ತಿನಲ್ಲಿ ಮುಗಿಯಬಹುದಾದ ವ್ಯಾಪಾರ ಅವನದು. ದಾರಿಯಲ್ಲಿ ಕಳ್ಳರ ಕಾಟವಿದ್ದುದರಿಂದ ಏಳು ತಿಂಗಳು ಇಲ್ಲೇ ಉಳಿದ, ಕೇಳಿದ್ದನ್ನು ಬರೆದಿಟ್ಟ. ರಾಮರಾಯ, ತಿರುಮಲ, ವೆಂಕಟಾದ್ರಿ ಎಂಬ ಮೂವರು ಅಣ್ಣತಮ್ಮಂದಿರು ನಿಜವಾದ ದೊರೆಯನ್ನು ಸೆರೆಯಲ್ಲಿಟ್ಟು ತಾವೇ ರಾಜ್ಯವಾಳಿದರು, ವರ್ಷಕ್ಕೊಮ್ಮೆ ಮಾತ್ರ ಅವನನ್ನು ಪ್ರಜೆಗಳಿಗೆ ತೋರಿಸುತ್ತಿದ್ದರು ಎನ್ನುತ್ತಾನೆ.

ಆ ದೊರೆಯೇ ಸದಾಶಿವ. ಅವನಿಗೆ ಸೆರೆ ಹೊಸದಲ್ಲ. 1542ರಲ್ಲಿ ದೊರೆ ಅಚ್ಯುತರಾಯ ತೀರಿಕೊಂಡ ಮೇಲೆ ನಡೆದ ಗಲಭೆಯಲ್ಲಿ ಅವನು ಗುತ್ತಿಯ ಕೋಟೆಯಲ್ಲಿ ಬಂಧಿಯಾಗಿದ್ದ. ಅಲ್ಲಿಂದ ಬಿಡಿಸಿ ತಂದು ಪಟ್ಟ ಕಟ್ಟಿದವನು ರಾಮರಾಯ. ಮತ್ತೆ ಒಳಗಿಟ್ಟವನೂ ಅವನೇ. ವರ್ಷದಲ್ಲಿ ಒಂದು ದಿನ ಮೂವರೂ ದೊರೆಗೆ ಅಡ್ಡಬೀಳುತ್ತಿದ್ದರೆಂದು ಪೋರ್ಚುಗೀಸ್ ಇತಿಹಾಸಕಾರ ಕೌತೊ ಹೇಳುತ್ತಾನೆ.

ಈ ಸಂಗತಿಯ ಪಕ್ಕದಲ್ಲಿ 1556ರ ಒಂದು ತಾಮ್ರಶಾಸನವನ್ನು ಇಟ್ಟು ನೋಡಿ. ಅದು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಶ್ರೀಪೆರುಂಬುದೂರಿನ ರಾಮಾನುಜರ ಸನ್ನಿಧಿಗೆ ಊರುಗಳನ್ನು ಬಿಟ್ಟುಕೊಟ್ಟ ದಾನ. ಕೊಂಡರಾಜನು ರಾಮರಾಜನಲ್ಲಿ ಬಿನ್ನವಿಸಿದ, ರಾಮರಾಜನು ಸದಾಶಿವ ಮಹಾರಾಯನಲ್ಲಿ ಬಿನ್ನವಿಸಿದ, ಮಹಾರಾಯನು ದಯಪಾಲಿಸಿದ. ಕಾವಲಿನೊಳಗಿರುವವನ ಮುಂದೆ ಕಾವಲಿಟ್ಟವನು ಕೈಮುಗಿದು ಬೇಡುತ್ತಿದ್ದಾನೆ! ದಾನ ಕೊಡುವ ಅಧಿಕಾರವೆಲ್ಲ ಅವನ ಹೆಸರಿನಲ್ಲಿದೆ, ಅಂಗಳಕ್ಕಿಳಿಯುವ ಅಧಿಕಾರ ಮಾತ್ರ ಅವನಿಗಿಲ್ಲ. ರಕ್ಕಸ-ತಂಗಡಿಯಲ್ಲಿ ಸೋತ ಮೇಲೆ ತಿರುಮಲ ಪೆನುಗೊಂಡೆಗೆ ಓಡುವಾಗ ಭಂಡಾರದ ಜೊತೆಗೆ ಈ ದೊರೆಯನ್ನೂ ಕರೆದೊಯ್ದ. ತಿರುಮಲನ ಮಗ ಅವನನ್ನು ಕೊಂದನೆಂದು ಫೆದೆರಿಚಿ ಕೇಳಿದ್ದ. ಅವನ ಹೆಸರಿನ ಶಾಸನಗಳು ಮಾತ್ರ ಆಮೇಲೂ ಹುಟ್ಟುತ್ತಲೇ ಹೋದವು.

ನನ್ನ ಮುಖ್ಯ ಮಾತು ಇಲ್ಲಿದೆ. ಸದಾಶಿವನಿಗೆ ಸಿಕ್ಕ ಆ ಒಂದು ಹಗಲು ಸದಾಶಿವನಿಗಾಗಿ ಕೊಟ್ಟದ್ದಲ್ಲ. ದೊರೆ ಬದುಕಿದ್ದಾನೆಂದು ಜನ ನಂಬಬೇಕಾಗಿತ್ತು, ಅದಕ್ಕೆ ಬಾಗಿಲು ತೆರೆಯಿತು. ನಮ್ಮ ಸೀಮೆಯ ಸೆರೆಯ ಕಥೆಗಳಲ್ಲಿ ಬಾಗಿಲು ತೆರೆಯುವುದು ಬಹುತೇಕ ಹೀಗೆಯೇ, ಇಟ್ಟವರ ಅಗತ್ಯಕ್ಕೆ.

ಕಂಪ್ಲಿಯ ಕುಮಾರರಾಮನನ್ನು ನೆನೆಯಿರಿ. 1327ರ ಸುಮಾರಿಗೆ ಅಳಿದ ಕಂಪಿಲರಾಜ್ಯದ ಆ ರಾಜಕುಮಾರನ ಕಥೆಯನ್ನು ನಂಜುಂಡ ಕವಿ ಹದಿನಾರನೆಯ ಶತಮಾನದಲ್ಲಿ ಸಾಂಗತ್ಯದಲ್ಲಿ ಹಾಡಿದ. ಮಲತಾಯಿ ರತ್ನಾಜಿಯ ದೂರು ಕೇಳಿ ತಂದೆ ಮಗನ ತಲೆ ತರಹೇಳುತ್ತಾನೆ. ಮಂತ್ರಿ ಬೈಚಪ್ಪ ಬೇರೊಂದು ತಲೆ ತೋರಿಸಿ ರಾಮನನ್ನು ನೆಲಮಾಳಿಗೆಯಲ್ಲಿ ಅಡಗಿಸುತ್ತಾನೆ. ದೆಹಲಿಯ ದಂಡು ಬಂದಾಗ ನೆಲಮಾಳಿಗೆಯ ಬಾಗಿಲು ತೆರೆಯುತ್ತದೆ. ಇದು ಕಾವ್ಯ, ದಾಖಲೆಯಲ್ಲ. ಆದರೆ ಬೆಳಕಿಗೆ ಬಂದದ್ದು ಕಾದುವುದಕ್ಕೆ ಎಂಬುದನ್ನು ಕವಿ ಸಹಜವೆಂಬಂತೆ ಹೇಳಿದ್ದಾನೆ, ಕೇಳಿದವರೂ ಹಾಗೆಯೇ ಕೇಳಿದ್ದಾರೆ.

ದಾಖಲೆಯ ಕಡೆಗೆ ಬಂದರೆ ಕಥೆ ಇನ್ನೂ ಕಠಿಣ. ಕೃಷ್ಣದೇವರಾಯ ಪಟ್ಟಕ್ಕೆ ಬಂದಾಗ ತನ್ನ ತಮ್ಮಂದಿರನ್ನು ಚಂದ್ರಗಿರಿಯ ಕೋಟೆಯಲ್ಲಿಟ್ಟನೆಂದು ಪೋರ್ಚುಗೀಸ್ ಬರಹಗಾರ ನೂನಿಜ್ ಬರೆಯುತ್ತಾನೆ. ಅವರಲ್ಲೊಬ್ಬನಾದ ಅಚ್ಯುತ ಹೊರಬಂದದ್ದು ಸಿಂಹಾಸನಕ್ಕೆ. ಕೃಷ್ಣದೇವರಾಯನ ಮಂತ್ರಿ ತಿಮ್ಮರಸನ ಪ್ರಸಂಗವೂ ನೂನಿಜನ ಬರಹದಲ್ಲೇ ಇದೆ. ರಾಜಕುಮಾರನಿಗೆ ವಿಷವಿಕ್ಕಿಸಿದ ಆರೋಪ, ಮೂರು ವರ್ಷದ ಸೆರೆ, ತಪ್ಪಿಸಿಕೊಂಡು ಸಿಕ್ಕಿಬಿದ್ದ ಮಗ. ಬ್ರಾಹ್ಮಣರನ್ನು ಕೊಲ್ಲಬಾರದೆಂದು ಕಣ್ಣು ಕೀಳಿಸಿ ಎಲ್ಲರನ್ನೂ ಮತ್ತೆ ಸೆರೆಗೇ ಕಳಿಸಿದರು. ಆ ಮುದುಕ ಮಂತ್ರಿ ಹೊರಗೆ ಕಂಡ ಕೊನೆಯ ಹಗಲು ಅದು. ಇದನ್ನು ಓದುವಾಗ ನನಗೆ ಇಂದಿಗೂ ಎದೆ ಹಿಂಡುತ್ತದೆ.

ಒಡಿಶಾದ ಗಜಪತಿ ದೊರೆಯ ಮಗ ವೀರಭದ್ರನ ಸಂಗತಿ ಬೇರೆ ಬಗೆಯದು. ಕೊಂಡವೀಡಿನಲ್ಲಿ ಸೆರೆಸಿಕ್ಕವನು. ಕೀಳು ಕುಲದವನೊಡನೆ ಕತ್ತಿವರಸೆ ತೋರಿಸೆಂದಾಗ ಅವಮಾನದಿಂದ ಪ್ರಾಣ ಕಳೆದುಕೊಂಡನೆನ್ನುತ್ತಾನೆ ನೂನಿಜ್. ಆದರೆ 1516ರ ದಾವಣಗೆರೆ ಶಾಸನದಲ್ಲಿ ಅವನು ಮಲೆಬೆನ್ನೂರು ಸೀಮೆಯ ನಾಯಕ, ಕೃಷ್ಣರಾಯನಿಗೂ ತನ್ನ ತಂದೆಗೂ ಪುಣ್ಯವಾಗಲೆಂದು ಮದುವೆಯ ತೆರಿಗೆಯನ್ನು ಬಿಟ್ಟವನು. ಸೆರೆಹಿಡಿದವನಿಗೂ ಹೆತ್ತವನಿಗೂ ಒಂದೇ ಕಲ್ಲಿನಲ್ಲಿ ಪುಣ್ಯ ಬಯಸಿದ್ದಾನೆ. ಕೊನೆ ಏನೇ ಆಗಿರಲಿ, ಒಂದಷ್ಟು ಕಾಲ ಅವನು ಅರೆಬಿಡುಗಡೆಯಲ್ಲಿ ಬದುಕಿದ. ಸೀಮೆಯನ್ನು ಆಳಬಹುದಿತ್ತು, ಕಟಕದ ತೌರು ದೂರವೇ ಉಳಿಯಿತು. ಆ ತೆರಿಗೆ ಮಾಫಿಯಲ್ಲಿ ಮಾತ್ರ ಬಂಧಿಯ ಸ್ವಂತ ಮನಸ್ಸು ನನಗೆ ಕೇಳಿಸುತ್ತದೆ.

ಹಾಗಾದರೆ ಬಂಧಿಯೇ ಕೇಳಿ ಪಡೆದ ಹಗಲು ಎಲ್ಲಿದೆ? ಅದೇ ಕಾಲದ ಇಂಗ್ಲೆಂಡಿನಲ್ಲಿ ಸೆರೆಯಲ್ಲಿದ್ದವರು ತಮ್ಮ ಊಟದ ಖರ್ಚನ್ನು ತಾವೇ ಭರಿಸಬೇಕಿತ್ತು. ಸಾಲಕ್ಕಾಗಿ ಸೆರೆಬಿದ್ದವನು ಹೊರಗೆ ಹೋಗದೆ ಸಾಲ ತೀರುವುದಿಲ್ಲ. ಆದ್ದರಿಂದ ಕಾವಲಿನವನಿಗೆ ಹಣ ತೆತ್ತು, ಅವನನ್ನು ಜೊತೆಗಿಟ್ಟುಕೊಂಡು ಹೊರಗೆ ಹೋಗಿಬರುವ ರೂಢಿ ಬೆಳೆಯಿತು. ಅನುಮತಿಯಿಲ್ಲದೆ ಧರ್ಮೋಪದೇಶ ಮಾಡಿದ್ದಕ್ಕೆ 1660ರಿಂದ ಬೆಡ್‌ಫರ್ಡ್ ಸೆರೆಮನೆಯಲ್ಲಿದ್ದ ಜಾನ್ ಬನ್ಯನ್, ಜೋಡಿನ ದಾರಗಳಿಗೆ ತುದಿ ಕೂಡಿಸಿ ಮಾರಿ ಹೆಂಡತಿಮಕ್ಕಳನ್ನು ಸಾಕಿದ. ಜೈಲರ್ ಅವನನ್ನು ನಂಬಿ ಹೊರಗೆ ಬಿಡುತ್ತಿದ್ದ. ಬನ್ಯನ್ ಲಂಡನ್ನಿನವರೆಗೂ ಹೋಗಿಬಂದ. ವಿಷಯ ಮೇಲಿನವರಿಗೆ ತಿಳಿದು ಜೈಲರನ ಕೆಲಸಕ್ಕೇ ಸಂಚಕಾರ ಬಂತು. ಆಮೇಲೆ ಬನ್ಯನ್ ಬಾಗಿಲಾಚೆ ಇಣುಕುವ ಹಾಗೂ ಇರಲಿಲ್ಲ. ಹಗಲು ಹೊತ್ತಿನ ಬಿಡುಗಡೆ ಯಾವಾಗಲೂ ಇನ್ನೊಬ್ಬನ ಹೊಣೆಯ ಮೇಲೆ ನಿಂತಿರುತ್ತದೆ. ಕೈದಿ ತಿರುಗಿ ಬಾರದಿದ್ದರೆ ಯಾರ ತಲೆ ಹೋಗುತ್ತಿತ್ತು? ಪ್ರತಿ ದಾಖಲೆಗೂ ನಾವು ಕೇಳಬೇಕಾದ ಪ್ರಶ್ನೆ ಇದು. ಇಂದು ಬಳ್ಳಾರಿಯ ಕೈದಿಯೊಬ್ಬ ಪೆರೋಲಿಗೆ ಅರ್ಜಿ ಹಾಕಿದರೂ ಪೊಲೀಸ್ ವರದಿ, ಜಾಮೀನು ಎಂದು ಅದೇ ಪ್ರಶ್ನೆ ಮುಂದೆ ಬರುತ್ತದೆ.

ಕೋಟೆಯ ಕತ್ತಲಕೋಣೆಯಿಂದ ಅಮ್ಮನ ತಿಥಿಗೋ, ಮಗಳ ಮದುವೆಗೋ, ನದಿಯ ಸ್ನಾನಕ್ಕೋ ಒಂದು ಹೊತ್ತು ಬೇಡಿದ ಸಾಮಾನ್ಯರನ್ನು ಶಿಲಾಶಾಸನದಲ್ಲಿ ಹುಡುಕಿ ಫಲವಿಲ್ಲ; ಕಲ್ಲು ಕೊಟ್ಟವರನ್ನು ನೆನೆಯುತ್ತದೆ, ಬೇಡಿದವರನ್ನು ಅಪರೂಪಕ್ಕೆ. ಕರ್ನಲ್ ಮೆಕೆಂಜಿಯ ಸಹಾಯಕರು ಊರೂರು ತಿರುಗಿ ಬರೆಸಿದ ಸ್ಥಳಚರಿತ್ರೆಗಳಾದ ಕೈಫಿಯತ್ತುಗಳನ್ನು ಈ ಕಣ್ಣಿನಿಂದ ಮತ್ತೆ ಓದಬೇಕು. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ ಅವುಗಳ ಸಂಪುಟ ನಮ್ಮ ಕನ್ನಡ ವಿಶ್ವವಿದ್ಯಾಲಯದಿಂದಲೇ ಬಂದಿದೆ. ಮನೆತನಗಳ ಕಾಗದಪತ್ರಗಳಲ್ಲೂ ಹುಡುಕಬೇಕು; ಸಂಡೂರು, ಉದಾಹರಣೆಗೆ, ಘೋರ್ಪಡೆಯವರ ಮರಾಠಾ ಸಂಸ್ಥಾನವಾಗಿತ್ತು. ಅಂಥ ಮನೆತನಗಳ ಕಾಗದಪತ್ರಕ್ಕೆ ಕೈಹಾಕುವವರಿಗೆ ಮೋಡಿ ಲಿಪಿ ಬರಬೇಕು. ಇಲ್ಲಿ ಕುಳಿತಿರುವ ಕಿರಿಯರಲ್ಲಿ ನಾಲ್ಕು ಜನವಾದರೂ ಅದನ್ನು ಕಲಿಯಲಿ ಎಂದು ಕೈಮುಗಿದು ಕೇಳುತ್ತೇನೆ. ಶಾಸನ ಬಲ್ಲವರು ಮಧ್ಯಾಹ್ನದ ಗೋಷ್ಠಿಯಲ್ಲಿ ದಾವಣಗೆರೆಯ ವೀರಭದ್ರನನ್ನೂ ನೂನಿಜನ ವೀರಭದ್ರನನ್ನೂ ಎದುರುಬದುರು ಕೂರಿಸಿ ಚರ್ಚೆ ತೆಗೆಯಲಿ. ನಾನು ಶಾಸನದ ಪಕ್ಷ. ವಾದಕ್ಕೆ ಸಿದ್ಧನಾಗಿಯೇ ಬಂದಿದ್ದೇನೆ.